ಇಪ್ಪತ್ತೈದು ಸೆಂಟಿಮೀಟರ್ ಕೆಳಗೆ

ನಮ್ಮ ಸಾಲಿನ ಫೋಟೋ ಫ್ರೇಮಿನ ಅಂಗಡಿಯವನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿದೆ. ಅದು ಅಂಗಡಿಯ ಪರವಾನಗಿ ಕಾಗದದ ಮೇಲೆ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿಲ್ಲ. ಊರಿಗೆಲ್ಲ ಅವನು ಸೆಂಟರಣ್ಣ. ಗೋಡೆಯ ಮೇಲೆ ಏನೇ ತೂಗುಹಾಕಿರಲಿ, ಅದು ಕೂದಲೆಳೆಯಷ್ಟು ಓರೆಯಾಗಿದ್ದರೂ ಅವನಿಗೆ ಗಂಟಲಲ್ಲಿ ಅನ್ನ ಇಳಿಯುವುದಿಲ್ಲ. ಒಮ್ಮೆ ಹಲ್ಲು ಕೀಳಿಸಲು ಹೋದವನು, ಕುರ್ಚಿಯಲ್ಲಿ ಬಾಯಿ ತೆರೆದು ಒರಗಿದ್ದಾಗ ಎದುರಿಗಿದ್ದ ಡಾಕ್ಟರ ಸರ್ಟಿಫಿಕೇಟು ಎಡಕ್ಕೆ ವಾಲಿರುವುದನ್ನು ಕಂಡುಬಿಟ್ಟ. ಡಾಕ್ಟರು ಇಕ್ಕಳ ಹಿಡಿದು ಒಳಗೆ ಬಂದರೆ ಕುರ್ಚಿ ಖಾಲಿ, ರೋಗಿ ಸ್ಟೂಲಿನ ಮೇಲೆ. ಆ ಹಲ್ಲು ಇನ್ನೂ ಅವನ ಬಾಯಲ್ಲೇ ಇದೆ. ಸರ್ಟಿಫಿಕೇಟು ಮಾತ್ರ ಅವತ್ತಿನಿಂದ ನೆಟ್ಟಗಿದೆ.

ನಾನು ಪಕ್ಕದ ಅಂಗಡಿಯವನು, ಗಡಿಯಾರ ರಿಪೇರಿ ಮಾಡುತ್ತೇನೆ. ನಮ್ಮಿಬ್ಬರ ಮಧ್ಯೆ ಇರುವುದು ಒಂದು ಹಲಗೆ ಗೋಡೆ ಅಷ್ಟೇ. ಆದ್ದರಿಂದ ಇಲ್ಲಿ ಹೇಳುವುದೆಲ್ಲ ಕಿವಿಯಾರೆ ಕೇಳಿದ್ದು. ಕದ್ದು ಕೇಳಿದ್ದಲ್ಲ, ಹಲಗೆ ತಾನಾಗಿಯೇ ಹೇಳಿದ್ದು. ರಸ್ತೆಯಲ್ಲಿ ಲಾರಿ ಹೋದಾಗಲೆಲ್ಲ ಆ ಹಲಗೆ ನಡುಗಿ, ಅದಕ್ಕೆ ನೇತುಹಾಕಿದ ನನ್ನ ದೊಡ್ಡ ಗಡಿಯಾರ ಒಂದಿಷ್ಟು ವಾಲುತ್ತಿತ್ತು. ದಿನಾ ಬೆಳಿಗ್ಗೆ ಅಣ್ಣ ಬಂದು ಒಂದೇ ಬೆರಳಿನಿಂದ ಅದನ್ನು ತಳ್ಳಿ ನೆಟ್ಟಗೆ ಮಾಡುತ್ತಿದ್ದ.

"ಏನಪ್ಪಾ ಟಿಕ್‌ಟಿಕ್, ಟೈಮ್ ಸರಿ ತೋರಿಸಿದ್ರೆ ಆಯ್ತಾ? ನಿಲ್ಲೋದೂ ಸರಿಯಾಗಿ ನಿಲ್ಬೇಕಲ್ವಾ?" ಅನ್ನುತ್ತಿದ್ದ. ಹನ್ನೆರಡು ವರ್ಷದಿಂದ ಅದೇ ಮಾತು, ಅದೇ ಬೆರಳು.

ಅವನ ಹೆಂಡತಿ, ಅಂದರೆ ನಮ್ಮ ಅತ್ತಿಗೆ, ನರ್ಸು. ಹದಿನೆಂಟು ವರ್ಷ ಇಲ್ಲಿನ ಆಸ್ಪತ್ರೆಯಲ್ಲಿ ಇನ್ನೊಬ್ಬರ ಕೈಕೆಳಗೆ ದುಡಿದ ಮೇಲೆ ಒಂದು ದಿನ, "ದ್ವೀಪದ ಆಸ್ಪತ್ರೆಗೆ ಹೆಡ್ ನರ್ಸ್ ಬೇಕಂತೆ ರೀ, ಎರಡು ವರ್ಷಕ್ಕೆ" ಅಂದರು. ಹೇಳುವಾಗ ಅವರ ಮುಖ ಅರಳಿದ್ದನ್ನು ನೋಡಿ ಅಣ್ಣ, "ಹೋಗಿ ಬಾ" ಅಂದುಬಿಟ್ಟ. ದ್ವೀಪಕ್ಕೆ ಹಡಗಿನಲ್ಲಿ ಎರಡು ದಿನದ ದಾರಿ. ಅತ್ತಿಗೆ ಹೋಗಿ ಇಪ್ಪತ್ತು ತಿಂಗಳಾಗಿತ್ತು.

ಆಗಿನಿಂದ ಅಣ್ಣನ ಅವಸ್ಥೆ ಹೇಳತೀರದು. ಮನೆಯಲ್ಲಿ ದಿನಾ ಎರಡು ತಟ್ಟೆ ತೊಳೆಯುತ್ತಿದ್ದ, ಉಂಡದ್ದು ಒಂದೇ ಆದರೂ. ಅಂಗಡಿಯಲ್ಲಿ ಅತ್ತಿಗೆಯ ಫೋಟೋಕ್ಕೆ ಎದುರಾಗಿ ಕೂತು ಬುತ್ತಿ ಬಿಚ್ಚುತ್ತಿದ್ದ. ಅವನಿಗೆ ಹೆಂಡತಿ ಬೇಕಾಗಿದ್ದರು, ವಿಷಯ ಅಷ್ಟೇ. ಆದರೆ ನಲವತ್ತೊಂಬತ್ತು ವಯಸ್ಸಿನ ಗಂಡಸು ಇದನ್ನು ಯಾರ ಹತ್ತಿರ ಹೇಳಿಕೊಳ್ಳುವುದು? ದಿನಾ ನಾಲ್ಕು ಗಂಟೆಗೆ ಅತ್ತಿಗೆಯ ಫೋನು ಬರುತ್ತಿತ್ತು. ಅಣ್ಣ ನಲ್ಲಿ ಸೋರುವ ವಿಷಯ, ಹಾಲು ಒಡೆದ ವಿಷಯ, ಛತ್ರಿ ಸಿಗದ ವಿಷಯ ಹೇಳುತ್ತಿದ್ದ. ಅವನ ಫೋನಿನ ಲೆಕ್ಕದಲ್ಲಿ ಒಂದೇ ಛತ್ರಿ ಇಪ್ಪತ್ತು ತಿಂಗಳಲ್ಲಿ ಒಂಬತ್ತು ಸಲ ಕಳೆದುಹೋಯಿತು.

ಒಂದು ಸೋಮವಾರ ಅತ್ತಿಗೆ ಫೋನಿನ ಸ್ಪೀಕರಿನಲ್ಲಿ ಕೇಳಿದರು: ಆಸ್ಪತ್ರೆಯವರು ಇನ್ನೂ ಎರಡು ವರ್ಷ ಇರಿ ಅನ್ನುತ್ತಿದ್ದಾರೆ, ಶನಿವಾರ ಮಧ್ಯಾಹ್ನ ಹನ್ನೆರಡರೊಳಗೆ ಹೇಳಬೇಕು, ಏನು ಮಾಡಲಿ?

ಹಲಗೆಯ ಈಚೆ ನಾನು ಕೈಯಲ್ಲಿದ್ದ ಗಡಿಯಾರ ಕೆಳಗಿಟ್ಟೆ.

"ನಿನ್ನಿಷ್ಟ," ಅಂದ ಅಣ್ಣ. "ಅಂದ ಹಾಗೆ, ಛತ್ರಿ ಎಲ್ಲಿಟ್ಟಿದ್ದೀಯ?"

ಫೋನಿಟ್ಟ ಮೇಲೆ ಅವನು ಫ್ರೇಮಿನ ಒಂದು ಪಟ್ಟಿಯನ್ನು ಅರ್ಧ ಇಂಚು ಗಿಡ್ಡ ಕೊಯ್ದ. ಅವನ ಜನ್ಮದಲ್ಲಿ ಅಂಥ ತಪ್ಪು ಆದದ್ದು ಅದೇ ಮೊದಲು. ನಾನು ತಡೆಯಲಾರದೆ ಎದ್ದುಹೋದೆ.

"ಅಣ್ಣಾ, ಬಂದ್ಬಿಡು ಅಂತ ಹೇಳೋಕೇನು ಕಷ್ಟ?"

"ಅವಳು ಇಷ್ಟಪಟ್ಟು ಹೋಗಿರೋ ಕೆಲಸ ಕಣೋ. ನಾನು ಅಡ್ಡಗಾಲು ಹಾಕಿದ ಹಾಗಾಗಲ್ವಾ?"

"ಹಾಗಿದ್ರೆ ಒಂದು ಮೆಸೇಜಾದ್ರೂ ಹಾಕು."

"ಮೆಸೇಜಾ? ಮೇಲೆ 'ಹಾಲು ಒಡೀತು' ಅಂತಿರತ್ತೆ, ಕೆಳಗೆ 'ಛತ್ರಿ ಸಿಗ್ತಿಲ್ಲ' ಅಂತಿರತ್ತೆ. ಅವೆರಡರ ಸಂದೀಲಿ ಇದನ್ನ ತುರುಕ್ಲಾ? ದೊಡ್ಡ ವಿಷಯಕ್ಕೆ ಸುತ್ತ ಜಾಗ ಬಿಡ್ಬೇಕು. ಒಂದು ಚೌಕಟ್ಟು ಬೇಕು. ನಟ್ಟನಡುವೆ ಕೂರಿಸ್ಬೇಕು. ಅವಾಗ್ಲೇ ಕಣ್ಣಿಗೆ ಬೀಳೋದು."

ಎಲ್ಲ ಶುರುವಾದದ್ದು ಇಲ್ಲಿಂದ. ಎದುರುಸಾಲಿನ ಜೆರಾಕ್ಸ್ ಅಕ್ಕ ಅರ್ಜಿ ತುಂಬಿಕೊಡುವ ಜೊತೆಗೆ ಮದುವೆ, ನಾಮಕರಣಕ್ಕೆ ವೆಬ್ ಪೇಜು ಮಾಡಿಕೊಡುತ್ತಾಳೆ. ಅಣ್ಣ ಅವಳ ಹತ್ತಿರ ಹೋಗಿ, ನನಗೊಂದು ಪೇಜು ಬೇಕು, ಆದರೆ ಒಳಗೆ ಏನು ಬರೆಯುತ್ತೇನೆಂದು ನೀನು ನೋಡಕೂಡದು ಅಂದ. ಅಕ್ಕ ಖಾಲಿ ಪುಟವೊಂದನ್ನು ತೆರೆದುಕೊಟ್ಟು, ಸಿಎಸ್‌ಎಸ್ ಅನ್ನುವ ಅಲಂಕಾರದ ಭಾಷೆಯಲ್ಲಿ ಬಣ್ಣ ಹೇಗೆ ಹಾಕುವುದು, ಅಕ್ಷರ ದೊಡ್ಡದು ಹೇಗೆ ಮಾಡುವುದು, ಎಡಬಲದ ನಡುವಿಗೆ ಹೇಗೆ ತರುವುದು ಎಲ್ಲ ಚೀಟಿಯಲ್ಲಿ ಬರೆದುಕೊಟ್ಟಳು.

"ಇನ್ನು, ಮೇಲೆ-ಕೆಳಗಿನ ನಡುವಿಗೆ ತರೋದು ಸ್ವಲ್ಪ ನಾಜೂಕು ಅಣ್ಣ, ಅದಕ್ಕೆ—"

"ನಿಲ್ಸು ನಿಲ್ಸು," ಅಂದ ಅಣ್ಣ, ಕೈ ಎತ್ತಿ. "ಇಪ್ಪತ್ತಾರು ವರ್ಷದಿಂದ ಮಾಡ್ತಿರೋದೇ ಆ ಕೆಲಸ. ನನಗೆ ಹೇಳಿಕೊಡ್ತೀಯಾ?"

ಈ ಒಂದು ಜಂಬಕ್ಕೆ ಅವನು ಏನೇನು ಅನುಭವಿಸಬೇಕಾಯಿತೋ ಮುಂದೆ ನೋಡುವಿರಿ.

ಅವನಂಗಡಿಯಲ್ಲಿ ಗಿರಾಕಿಗಳಿಗೆ ಫ್ರೇಮಿನ ಮಾದರಿ ತೋರಿಸಲು ಒಂದು ದೊಡ್ಡ ಕಂಪ್ಯೂಟರ್ ಪರದೆಯಿದೆ. ಎಲ್ಲರಂತೆ ಅಡ್ಡಡ್ಡ ಇಟ್ಟಿಲ್ಲ. ಆಳೆತ್ತರದ ಫೋಟೋಗಳಿಗೆ ಹೊಂದಲೆಂದು ಉದ್ದುದ್ದ ನಿಲ್ಲಿಸಿ, ಸುತ್ತ ತೇಗದ ಚೌಕಟ್ಟು ಕಟ್ಟಿದ್ದಾನೆ. ಬುಧವಾರ ಬೆಳಿಗ್ಗೆ ಅದರ ಮುಂದೆ ಕೂತು ಬರೆಯತೊಡಗಿದ. ಎಡಬಲದ ಆಜ್ಞೆ ಕೊಟ್ಟದ್ದೇ ತಡ, ಅಕ್ಷರಗಳು ಹೇಳಿದ ಮಾತು ಕೇಳಿ ನಡುವಿಗೆ ಬಂದು ನಿಂತವು. ಆದರೆ ಪರದೆಯ ನೆತ್ತಿಗೆ ಅಂಟಿಕೊಂಡಿದ್ದವು. 'ವರ್ಟಿಕಲ್-ಅಲೈನ್ ಮಿಡಲ್' ಅಂತ ಬರೆದ. ಮಿಸುಕಲಿಲ್ಲ. 'ಮಾರ್ಜಿನ್ ಆಟೋ' ಅಂತ ಬರೆದ. ಪಕ್ಕಕ್ಕೆ ಬೇಕಾದರೆ ಸರಿಯುತ್ತೇವೆ, ಕೆಳಗೆ ಮಾತ್ರ ಇಳಿಯುವುದಿಲ್ಲ ಎಂದು ಹಟ ಹಿಡಿದವು. ಮಧ್ಯಾಹ್ನದವರೆಗೆ ಹಲಗೆಯ ಆಚೆಯಿಂದ ಬರೀ ಗದರುವ ಸದ್ದು. "ಇಳಿಯೇ ತಾಯಿ… ಇಳೀತೀಯೋ ಇಲ್ವೋ… ಕೈಮುಗೀತೀನಿ, ಒಂದು ಗೇಣು ಇಳಿ." ನನ್ನಂಗಡಿಗೆ ಬಂದಿದ್ದ ಗಿರಾಕಿಯೊಬ್ಬರು ಪಕ್ಕದಲ್ಲಿ ಯಾರೋ ಮಾಳಿಗೆ ಹತ್ತಿ ಕೂತಿದ್ದಾರೆಂದು ಗಾಬರಿಯಾದರು.

ಜೆರಾಕ್ಸ್ ಅಕ್ಕನನ್ನು ಕೇಳೋಣವೆಂದರೆ ಜಂಬ ಅಡ್ಡ ಬಂತು. ಕೊನೆಗೆ ಅಣ್ಣ ತನಗೆ ತಿಳಿದ ದಾರಿಯನ್ನೇ ಹಿಡಿದ. ಟೇಪು ತೆಗೆದ.

"ಟಿಕ್‌ಟಿಕ್, ಬಾ ಇಲ್ಲಿ. ಆ ತುದಿ ಹಿಡ್ಕೊ. ಆದ್ರೆ ಕಣ್ಣು ಮುಚ್ಕೊ, ಬರೆದಿರೋದು ಓದ್ಬಾರ್ದು."

ನಾನು ಕಣ್ಣು ಮುಚ್ಚಿದೆ. ಒಂದು ಕಣ್ಣು. ಗಡಿಯಾರದ ಕೆಲಸದವನಿಗೆ ಒಂದೇ ಕಣ್ಣಿನಲ್ಲಿ ನೋಡುವುದು ಅಭ್ಯಾಸ. ಬಿಳಿ ಪರದೆಯ ಮೇಲೆ ಒಂದೇ ಸಾಲು ಇತ್ತು: "ನೀನಿಲ್ಲದೆ ಆಗುತ್ತಿಲ್ಲ. ಬಂದುಬಿಡು."

ಓದುವ ಭರದಲ್ಲಿ ಟೇಪಿನ ತುದಿಯನ್ನು ಎರಡು ಬೆರಳು ಕೆಳಗೆ ಇಳಿಸಿಬಿಟ್ಟಿದ್ದೆ. "ನೆಟ್ಟಗೆ ಹಿಡಿಯೋ," ಎಂದು ಅಣ್ಣ ಬೈದ.

ಪರದೆಯ ಎತ್ತರ ಅಳೆದು, ಅರ್ಧ ಮಾಡಿ, ಅದರಲ್ಲಿ ಅಕ್ಷರದ ಅರ್ಧ ಎತ್ತರ ಕಳೆದು, ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲಿನಿಂದ ಗೋಡೆಯ ಮೇಲೆ ಲೆಕ್ಕ ಹಾಕಿ, 'ಮಾರ್ಜಿನ್-ಟಾಪ್ ಇಪ್ಪತ್ತೈದು ಸೆಂಟಿಮೀಟರ್' ಎಂದು ಬರೆದ. ಅಕ್ಷರಗಳು ಮರುಮಾತಾಡದೆ ಇಳಿದು ನಟ್ಟನಡುವೆ ಬಂದು ನಿಂತವು. ಅಣ್ಣ ನೀರುಮಟ್ಟ ಇಟ್ಟು ನೋಡಿದ. ಗುಳ್ಳೆ ಕೂಡ ನಡುವಿಗೇ ಬಂತು. ನಾವಿಬ್ಬರೂ ಅದನ್ನೇ ನೋಡುತ್ತ ನಿಂತೆವು. ನಿಜ ಹೇಳಬೇಕೆಂದರೆ, ಅಷ್ಟು ಚೆನ್ನಾಗಿ ಕೂತ ಸಾಲನ್ನು ನಾನು ಇಂದಿನವರೆಗೆ ನೋಡಿಲ್ಲ.

ಪೇಜಿನ ಕೊಂಡಿಯನ್ನು ಅತ್ತಿಗೆಗೆ ಮೇಲ್ ಮಾಡಿದ. ಜೊತೆಗೆ ಒಂದು ಮಾತೂ ಬರೆಯಲಿಲ್ಲ. ಚೌಕಟ್ಟಿನ ಹೊರಗೆ ಗೀಚುವುದು ಅವನ ಕಸುಬಿನಲ್ಲಿ ಅಪರಾಧ. ಅಣ್ಣನದು ಗುಂಡಿ ಒತ್ತುವ ಹಳೇ ಫೋನು, ಆದ್ದರಿಂದ ಆ ಪೇಜು ಅಂಗೈಯಗಲದ ಪರದೆಯಲ್ಲಿ ಹೇಗೆ ಕಾಣುತ್ತದೆಂದು ನೋಡುವ ಯೋಚನೆ ಅವನಿಗೆ ಬರಲಿಲ್ಲ. ನನಗೂ ಬರಲಿಲ್ಲ.

ಗುರುವಾರ ನಾಲ್ಕು ಗಂಟೆಗೆ ಫೋನು ಬರಲಿಲ್ಲ. "ಓದಿ ನಾಚ್ಕೊಂಡಿರ್ಬೇಕು," ಅಂದ ಅಣ್ಣ, ತಾನೇ ನಾಚಿಕೊಂಡು.

ಶುಕ್ರವಾರ ಬೆಳಿಗ್ಗೆ ಅವನ ಅತ್ತೆಯೂ ಭಾವಮೈದನೂ ಅಂಗಡಿಗೆ ನುಗ್ಗಿದರು. ಭಾವಮೈದ ನ್ಯಾಯಾಲಯದಲ್ಲಿ ಟೈಪಿಸ್ಟು. ಮಾತಾಡಿದರೆ ಅಡ್ಡ ಸವಾಲು ಹಾಕಿದಂತೆಯೇ ಇರುತ್ತದೆ.

"ಭಾವ, ನಮ್ಮಕ್ಕನಿಗೆ ಏನು ಕಳಿಸಿದ್ದೀರಿ ನೀವು?"

ಅಣ್ಣನ ಕಿವಿ ಕೆಂಪಾಯಿತು. "ಅಯ್ಯೋ, ನಿಮಗೂ ಹೇಳಿಬಿಟ್ಲಾ?"

"ಹೇಳದೆ? ಅಮ್ಮನ ಹತ್ರ ಫೋನಲ್ಲಿ ಗೊಳೋ ಅಂತ ಅತ್ಲು!"

"ಅತ್ಲಾ?" ಅಣ್ಣನ ಮುಖ ಅರಳಿತು. "ಅಷ್ಟೊಂದು ಮನಸ್ಸಿಗೆ ತಟ್ಟಿತಾ?"

"ತಟ್ಟದೆ ಇರತ್ತಾ ಅಳಿಯಂದ್ರೆ?" ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. "ಅಷ್ಟು ಖಾಲಿ ಬಿಟ್ಟು ಕಳಿಸೋಕೆ ನಿಮಗೆ ಮನಸ್ಸಾದ್ರೂ ಹೇಗೆ ಬಂತು?"

"ಖಾಲಿ ಬಿಡೋದೇ ಮುಖ್ಯ ಅತ್ತೆ. ಸುಮ್ಸುಮ್ನೆ ಬಿಟ್ಟಿದ್ದಲ್ಲ, ಟೇಪ್ ಹಿಡಿದು ಅಳೆದು ಬಿಟ್ಟಿದ್ದೀನಿ. ಬೇಕಾದ್ರೆ ಟಿಕ್‌ಟಿಕ್‌ನ ಕೇಳಿ."

ನನ್ನನ್ನು ಕರೆದದ್ದು ಸತ್ಯ ಹೇಳಲು. ನಾನು ಹಲಗೆಯ ಸಂದಿಯಿಂದ ತಲೆ ಹಾಕಿ ಸತ್ಯವನ್ನೇ ಹೇಳಿದೆ: "ಹೌದಮ್ಮಾ, ಸರಿಯಾಗಿ ಇಪ್ಪತ್ತೈದು ಸೆಂಟಿಮೀಟರ್."

"ಅಳೆದು ಬಿಟ್ರಂತೆ!" ಅತ್ತೆ ಎದೆ ಹಿಡಿದುಕೊಂಡರು. "ಸಾಕ್ಷಿ ಇಟ್ಕೊಂಡು ಬಿಟ್ರಂತೆ!"

ಭಾವಮೈದ ಒಂದು ಹೆಜ್ಜೆ ಮುಂದೆ ಬಂದ. "ಇದು ಎಷ್ಟು ದಿನದಿಂದ ನಿಮ್ಮ ಮನಸ್ಸಲ್ಲಿತ್ತು?"

"ಅವಳು ಹಡಗು ಹತ್ತಿದ ದಿನದಿಂದ," ಅಂದ ಅಣ್ಣ ಮೆಲ್ಲಗೆ.

"ಬಾಯಿ ಬಿಟ್ಟು ಹೇಳಬಹುದಾಗಿತ್ತಲ್ಲ?"

"ಬಾಯಲ್ಲಿ ಬರಲ್ಲಪ್ಪ. ಅದಕ್ಕೇ ಹೀಗೆ ಮಾಡಿದೆ."

ಇಷ್ಟಾದ ಮೇಲೆ ಕೇಳುವುದೇನೂ ಉಳಿದಿರಲಿಲ್ಲ. ಆರೋಪಿ ತಪ್ಪೊಪ್ಪಿಕೊಂಡಿದ್ದ. ಅಮ್ಮ ಮಗ ಇಬ್ಬರೂ ದಡದಡನೆ ಹೊರಟುಹೋದರು. ಅಣ್ಣ ನನ್ನ ಕಡೆ ತಿರುಗಿ, "ಪಾಪ, ಹೆತ್ತ ಕರುಳು. ನನ್ನ ಸಂಕಟ ಅವರಿಗೂ ತಟ್ಟಿದೆ ನೋಡು," ಅಂದ.

ಮಧ್ಯಾಹ್ನದೊಳಗೆ ಬೇಕರಿಯಲ್ಲಿ ಇದೇ ಮಾತು. ಫ್ರೇಮಿನವನು ಹೆಂಡತಿಗೆ ಖಾಲಿ ಹಾಳೆ ಕಳಿಸಿದನಂತೆ. ಬೇಕರಿಯವನು, "ಈಗೆಲ್ಲ ಸಂಬಂಧ ಕಡಿದುಕೊಳ್ಳೋದು ಹೀಗೇ, ಕಂಪ್ಯೂಟರಲ್ಲಿ ಬಿಳೀ ಪೇಜು ಕಳಿಸಿಬಿಟ್ರೆ ಮುಗೀತು" ಎಂದು ಬನ್ನು ಕಟ್ಟುತ್ತ ಎಲ್ಲರಿಗೂ ಕಾನೂನು ಹೇಳುತ್ತಿದ್ದ. ಹೆಂಗಸರು ಅಣ್ಣನ ಅಂಗಡಿಯ ಮುಂದೆ ಮುಖ ತಿರುಗಿಸಿ ನಡೆದರು. ಒಬ್ಬಾಕೆ ಫ್ರೇಮಿಗೆ ಕೊಟ್ಟಿದ್ದ ಮದುವೆ ಫೋಟೋವನ್ನು ವಾಪಸು ಇಸಿದುಕೊಂಡು ಹೋದಳು. ನನಗೆ ಆಗಲೇ ಏನೋ ಎಡವಟ್ಟಾಗಿದೆ ಅನ್ನಿಸಿತು. ಆದರೆ ನಾನು ಒಂದು ಕಣ್ಣಿನಿಂದ ಓದಿದ್ದನ್ನು ಒಪ್ಪಿಕೊಳ್ಳದೆ ಬಾಯಿ ಬಿಡುವಂತಿರಲಿಲ್ಲ.

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಅತ್ತಿಗೆಯ ಫೋನು ಬಂತು. ಹಲಗೆಯ ಈಚೆಗೆ ಅಣ್ಣನ ಮಾತಷ್ಟೇ ಕೇಳಿಸಿತು.

"ಹೂಂ… ನೋಡಿದ್ಯಾ?… ಅರ್ಥ ಆಯ್ತಾ?… ಹೂಂ… ಸಹಿ ಮಾಡ್ತೀಯಾ." ಪೆನ್ಸಿಲು ನೆಲಕ್ಕೆ ಬಿದ್ದ ಸದ್ದು. "ಸರಿ. ನಿನ್ನಿಷ್ಟ."

ಛತ್ರಿಯ ವಿಷಯ ಬರಲಿಲ್ಲ.

ಆಮೇಲೆ ಅವನು ನನ್ನಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತ. "ನೋಡಿದ್ಲಂತೆ ಕಣೋ. ಅರ್ಥ ಆಯ್ತಂತೆ. ಆದ್ರೂ ಇನ್ನೆರಡು ವರ್ಷಕ್ಕೆ ಸಹಿ ಮಾಡ್ತಾಳಂತೆ." ಅವನ ಎದುರಿಗೇ ನನ್ನ ದೊಡ್ಡ ಗಡಿಯಾರ ಬಲಕ್ಕೆ ಎರಡು ಬೆರಳು ವಾಲಿ ನಿಂತಿತ್ತು. ಅವನು ಅದನ್ನು ನೋಡಿದ, ಮುಟ್ಟಲಿಲ್ಲ. ಹನ್ನೆರಡು ವರ್ಷದಲ್ಲಿ ನಾನು ಅವನಿಗಾಗಿ ಹೆದರಿದ್ದು ಅವತ್ತೊಂದೇ ದಿನ.

ಹನ್ನೊಂದೂವರೆಗೆ ಅತ್ತೆ ಮತ್ತು ಭಾವಮೈದ ಸಾಮಾನಿನ ಗಾಡಿ ಸಮೇತ ಬಂದಿಳಿದರು.

"ಅಕ್ಕನ ಟ್ರಂಕು, ಹೊಲಿಗೆ ಮೆಷಿನ್ನು ತೆಗೆದುಕೊಡಿ. ಖಾಲಿ ಮನೆಯಲ್ಲಿ ನೀವು ಖಾಲಿ ಹಾಳೆ ಇಟ್ಕೊಂಡು ಕೂತಿರಿ," ಅಂದ ಭಾವಮೈದ.

"ಖಾಲಿ ಹಾಳೆ ಯಾವ್ದು?" ಅಣ್ಣ ಕಣ್ಣು ಬಿಟ್ಟ. "ಬರೆದಿದ್ದೀನಲ್ಲಯ್ಯಾ!"

"ಎಲ್ಲಿ ಬರೆದಿದ್ದೀರಿ? ಅಕ್ಕ ಅದನ್ನ ನನಗೂ ಕಳಿಸಿದ್ದಾಳೆ. ಅಮ್ಮಾ, ತೋರಿಸು ಭಾವನಿಗೆ."

ಅತ್ತೆ ಮಗನ ಫೋನನ್ನು ಎರಡೂ ಕೈಯಲ್ಲಿ ಎತ್ತಿಹಿಡಿದರು. ಹಾಲಿನಂತೆ ಬೆಳ್ಳಗಿತ್ತು. ಅಣ್ಣನ ಮುಖ ಅದಕ್ಕಿಂತ ಬೆಳ್ಳಗಾಯಿತು. ಅಷ್ಟರಲ್ಲಿ ಅತ್ತೆಗೆ ಮತ್ತೆ ಅಳು ಬಂತು. ಒಂದು ಹನಿ ಪರದೆಯ ಮೇಲೆ ಬಿತ್ತು. ಅದನ್ನು ಹೆಬ್ಬೆರಳಿನಿಂದ ಒರೆಸಿದರು, ಕೆಳಗಿನಿಂದ ಮೇಲಕ್ಕೆ. ಬಿಳುಪು ಸರ್ರನೆ ಮೇಲೆ ಜಾರಿತು.

"ಅಯ್ಯೋ, ಇಲ್ಲೇನೋ ಇದೆ ಕಣೋ. ಕೆಳಗೆ, ಪಾತಾಳದಲ್ಲಿ."

ಅತ್ತೆ ಏನನ್ನೇ ಆಗಲಿ ಮನಸ್ಸಿನಲ್ಲಿ ಓದಿದವರಲ್ಲ. ಅಂಗಡಿಯ ಮುಂದೆ ಬೇಕರಿಯವನು, ಗಾಡಿಯವನು, ಮುಖ ತಿರುಗಿಸಿದ್ದ ಹೆಂಗಸರು ಎಲ್ಲ ನೆರೆದಿದ್ದರು. ಅವರೆಲ್ಲರ ಎದುರಿಗೆ, ಒಂದೊಂದೇ ಅಕ್ಷರ ಕೂಡಿಸಿ, ದೊಡ್ಡ ದನಿಯಲ್ಲಿ ಓದಿದರು: "ನೀ… ನಿಲ್ಲದೆ… ಆಗುತ್ತಿಲ್ಲ. ಬಂದು… ಬಿಡು."

ಅಣ್ಣ ಗೋಡೆಯ ಕಡೆ ತಿರುಗಿ ನಿಂತುಬಿಟ್ಟ. ನ್ಯಾಯಾಲಯದ ಟೈಪಿಸ್ಟು ಮೂಗೊರೆಸಿಕೊಂಡ.

ಗದ್ದಲ ಕೇಳಿ ಓಡಿಬಂದ ಜೆರಾಕ್ಸ್ ಅಕ್ಕ ಫೋನು ನೋಡಿದಳು, ಆಮೇಲೆ ಕಂಪ್ಯೂಟರಿನಲ್ಲಿ ಬರೆದಿದ್ದನ್ನು ನೋಡಿದಳು. ಹಣೆ ಚಚ್ಚಿಕೊಂಡಳು.

"ಇಪ್ಪತ್ತೈದು ಸೆಂಟಿಮೀಟರಾ! ಅಣ್ಣಾ, ಅತ್ತಿಗೆಯ ಫೋನೇ ಒಂದು ಗೇಣಿಲ್ಲ. ನಿಮ್ಮ ಗೋಡೆ ಅಳೆದು ಅವರ ಗೋಡೆಗೆ ಮೊಳೆ ಹೊಡೆದಿದ್ದೀರಲ್ಲ!"

ಅವಳು ಅಲ್ಲೇ ಕೂತು ಟೇಪಿನ ಅಳತೆ ಅಳಿಸಿ ಮೂರು ಸಾಲು ಬರೆದಳು: 'ಡಿಸ್‌ಪ್ಲೇ ಫ್ಲೆಕ್ಸ್', 'ಅಲೈನ್-ಐಟಮ್ಸ್ ಸೆಂಟರ್', 'ಮಿನ್-ಹೈಟ್ ನೂರು ವಿಎಚ್'. ಪರದೆ ಯಾರದ್ದೇ ಇರಲಿ, ಎಷ್ಟೇ ಎತ್ತರವಿರಲಿ, ಆ ಎತ್ತರ ಪೂರ್ತಿ ತೆಗೆದುಕೊಂಡು ಅದರ ನಡುವೆ ಕೂತುಕೊ ಎಂದು ಅದರ ಅರ್ಥವಂತೆ. ಸಾಲು ಭಾವಮೈದನ ಫೋನಿನ ನಡುವೆಯೂ ಬಂದು ನಿಂತಿತು.

"ಅಳತೆ ಎಷ್ಟು ಕೊಟ್ಟೆ?" ಗೋಡೆಯ ಕಡೆಯಿಂದಲೇ ಅಣ್ಣ ಕೇಳಿದ.

"ಅಳತೆಯೇ ಇಲ್ಲ ಅಣ್ಣ."

"ಅಳತೆ ಇಲ್ದೆ ನಡುವೆ ಬರತ್ತಾ?" ಎಂದು ಅಣ್ಣ ಅವಳನ್ನೇ ನೋಡಿದ. ಆಮೇಲೆ ನನ್ನ ಕಡೆ ನೋಡಿದ. "ಗಂಟೆ ಎಷ್ಟೋ?"

ಹನ್ನೆರಡಕ್ಕೆ ಹದಿನೈದು ನಿಮಿಷ. ಅತ್ತಿಗೆಯ ಫೋನು ಸ್ವಿಚ್ ಆಫ್ ಆಗಿತ್ತು. ಭಾವಮೈದ ಆಸ್ಪತ್ರೆಯ ನಂಬರು ಹುಡುಕಿ ಹಚ್ಚಿ, ಅಣ್ಣನ ಕೈಗೆ ಕೊಟ್ಟ. ಆ ಕಡೆ ಗುಮಾಸ್ತ ಎತ್ತಿದ. ಫೋನಿನ ಸ್ಪೀಕರಿನಲ್ಲಿ ನಮಗೆಲ್ಲ ಕೇಳಿಸುತ್ತಿತ್ತು.

"ಹೆಡ್ ಸಿಸ್ಟರು ಆಪರೇಷನ್ನಲ್ಲಿದ್ದಾರೆ. ಏನು ಹೇಳ್ಬೇಕು ಹೇಳಿ, ಬರ್ಕೊಳ್ತೀನಿ."

ಅಣ್ಣ ಸುತ್ತ ನೋಡಿದ. ಇಡೀ ಬೀದಿ ಅವನ ಬಾಯನ್ನೇ ನೋಡುತ್ತಿತ್ತು.

"ನೀನಿಲ್ದೆ ಆಗ್ತಿಲ್ಲ," ಅಂದ ಗುಟ್ಟಿನಂತೆ.

"ಸ್ವಲ್ಪ ಜೋರಾಗಿ ಹೇಳಿ ಸ್ವಾಮಿ, ಇಲ್ಲಿ ಅಲೆ ಸದ್ದು."

"ನೀನಿಲ್ದೆ ಆಗ್ತಿಲ್ಲ!"

"ಇನ್ನೂ ಜೋರಾಗಿ!"

ಇಪ್ಪತ್ತು ತಿಂಗಳು ಹಾಲು, ನಲ್ಲಿ, ಛತ್ರಿಗಳ ಕೆಳಗೆ ಅಮುಕಿಟ್ಟದ್ದೆಲ್ಲ ಒಮ್ಮೆಲೇ ಹೊರಬಂತು. ಅಣ್ಣ ಕಣ್ಣು ಮುಚ್ಚಿ ಕೂಗಿದ: "ನೀನಿಲ್ದೆ ನನಗಾಗ್ತಿಲ್ಲ! ಬಂದ್ಬಿಡು!" ಬೀದಿಯ ಆ ತುದಿಯ ಕಿಟಕಿಯೊಂದು ತೆರೆಯಿತು.

"ಇದು ಸಿಸ್ಟರಿಗೆ ಹೇಳ್ಬೇಕಾದ್ದು ತಾನೇ?" ಅಂದ ಗುಮಾಸ್ತ ಅನುಮಾನದಿಂದ.

"ಹೌದಪ್ಪಾ!"

"ಸರಿ, ಬೋರ್ಡ್ ಮೇಲೆ ಬರೀತೀನಿ, ಹೊರಗೆ ಬಂದಾಗ ನೋಡ್ತಾರೆ."

"ಬೋರ್ಡಿನ ನಡುವೆ ಬರೀರಿ," ಅಂದ ಅಣ್ಣ. ಹುಟ್ಟುಗುಣ ಎಲ್ಲಿಗೆ ಹೋಗುತ್ತದೆ?

ನಾವೆಲ್ಲ ಕಾದೆವು. ಗಾಡಿಯವನೂ ಬಾಡಿಗೆಯ ಮಾತೆತ್ತದೆ ಕಾದ. ನನ್ನ ಗಡಿಯಾರಗಳೆಲ್ಲ ಒಟ್ಟಿಗೆ ಹನ್ನೆರಡು ಹೊಡೆದವು. ಹನ್ನೆರಡೂಕಾಲಿಗೆ ಭಾವಮೈದನ ಫೋನಿಗೆ ಒಂದು ಫೋಟೋ ಬಂತು. ಆಸ್ಪತ್ರೆಯ ಬೋರ್ಡಿನ ಚಿತ್ರ. ಪಾಳಿಯ ಪಟ್ಟಿ, ಬೆಡ್‌ಶೀಟಿನ ಲೆಕ್ಕ, ಕಳೆದುಹೋದ ಕೀಲಿಕೈಯ ಪ್ರಕಟಣೆ ಎಲ್ಲದರ ಕೆಳಗೆ, ಮೂಲೆಯಲ್ಲಿ, ಸೊಟ್ಟಗೆ, ಗುಮಾಸ್ತನ ಕೋಳಿ ಕಾಲಿನ ಅಕ್ಷರದಲ್ಲಿ ಅಣ್ಣನ ಸಾಲು ಇತ್ತು. ಅದರ ಕೆಳಗೆ ಅತ್ತಿಗೆಯ ಕೈಬರಹ.

ಈ ಸಲ ಅಣ್ಣನೇ ಓದಿದ, ಗಟ್ಟಿಯಾಗಿ:

"ಬೆಳಿಗ್ಗೆಯೇ ಸಹಿ ಹಾಕಿಬಿಟ್ಟೆ. ಈ ಮಾತಿಗೆ ಇಪ್ಪತ್ತು ತಿಂಗಳಿಂದ ಕಾಯ್ತಿದ್ದೆ. ಇಲ್ಲಿ ಒಂದು ವಾರ್ಡಿನಲ್ಲೂ ಒಂದು ಫೋಟೋನೂ ನೆಟ್ಟಗಿಲ್ಲ ರೀ. ನೀವೇ ಬಂದ್ಬಿಡಿ. ಛತ್ರಿ ಹಡಗು ಹತ್ತಿದ ದಿನದಿಂದ ನನ್ನ ಹತ್ರಾನೇ ಇದೆ."

ಅಣ್ಣ ಅದನ್ನು ಮೂರು ಸಲ ಓದಿದ. ಆಮೇಲೆ ತನ್ನ ಅಂಗಡಿಯ ನಾಲ್ಕೂ ಗೋಡೆಗಳನ್ನು, ಮೊದಲ ಸಲ ನೋಡುವವನಂತೆ, ಒಂದೊಂದಾಗಿ ನೋಡಿದ. ತಾನೇ ಹೋಗಬಹುದು ಅನ್ನುವುದು ಆ ಮನುಷ್ಯನಿಗೆ ಈವರೆಗೆ ಹೊಳೆದೇ ಇರಲಿಲ್ಲ.

ಬಂದ ಗಾಡಿ ಖಾಲಿ ಹೋಗಲಿಲ್ಲ. ಟ್ರಂಕು, ಹೊಲಿಗೆ ಮೆಷಿನ್ನು, ಅವುಗಳ ಜೊತೆಗೆ ಗರಗಸ, ನೀರುಮಟ್ಟ, ತೇಗದ ಪಟ್ಟಿಗಳು ಆ ವಾರವೇ ಬಂದರಿಗೆ ಹೋದವು. ಅತ್ತೆ ಅಳಿಯನಿಗೆ ಹೊಸ ಛತ್ರಿ ಕೊಡಿಸಿದರು. ಅಣ್ಣ ಅದನ್ನು ಹಡಗು ಹತ್ತುವ ಮೊದಲೇ ಕಳೆದುಕೊಂಡ.

ಪಕ್ಕದ ಅಂಗಡಿಗೆ ಈಗ ಬೀಗ. ಲಾರಿ ಹೋದಾಗ ಹಲಗೆ ನಡುಗುತ್ತದೆ, ಗಡಿಯಾರ ವಾಲುತ್ತದೆ. ನನಗೂ ಬೆರಳಿದೆ, ನೆಟ್ಟಗೆ ಮಾಡಬಹುದು. ಮಾಡಿಲ್ಲ. ಹೋಗುವಾಗ ಅಣ್ಣ ಆ ಕಂಪ್ಯೂಟರನ್ನೂ ಪರದೆಯನ್ನೂ ನನಗೆ ಬಿಟ್ಟುಹೋದ, ಗಡಿಯಾರದ ಚಿತ್ರ ತೋರಿಸೋಕಾಗತ್ತೆ ಇಟ್ಕೊ ಅಂತ. ನನ್ನ ಕಪಾಟಿನಲ್ಲಿ ಅದು ಉದ್ದುದ್ದ ಹಿಡಿಯಲಿಲ್ಲ, ತೇಗದ ಚೌಕಟ್ಟು ಸಮೇತ ಅಡ್ಡ ಮಲಗಿಸಿ, ಒಳಗಿನ ಚಿತ್ರವನ್ನೂ ಅಡ್ಡಕ್ಕೆ ತಿರುಗಿಸಿದೆ. ಅವನ ಪೇಜು ಇನ್ನೂ ತೆರೆದೇ ಇತ್ತು. ಮಲಗಿಸಿದ್ದೇ ತಡ, ಸಾಲು ತಾನಾಗಿ ಸರಿದು ಮತ್ತೆ ನಟ್ಟನಡುವೆ ಬಂದು ಕೂತಿತು: "ನೀನಿಲ್ಲದೆ ಆಗುತ್ತಿಲ್ಲ. ಬಂದುಬಿಡು."

ಗಿರಾಕಿಗಳು ಓದಿ, ಇದು ಯಾರಿಗೆ ಬರೆದದ್ದು ಎಂದು ಕೇಳುತ್ತಾರೆ. ಗಡಿಯಾರದ ಬೆನ್ನು ಬಿಚ್ಚುತ್ತ, ಅದು ಮೊದಲಿಂದಲೂ ಅಲ್ಲೇ ಇದೆ ಅನ್ನುತ್ತೇನೆ. ಅಳಿಸುವುದು ಹೇಗೆಂದು ಜೆರಾಕ್ಸ್ ಅಕ್ಕ ಹೇಳಿಕೊಡಲು ಬಂದಿದ್ದಳು, ನಾನೇ ಬೇಡ ಅಂದೆ.